ಗಟ್ಟಿಮರದ ಟಾಪಿನ ಗಿಟಾರ್ ಮಂಕಾಗಿ ನುಡಿದರೆ: ಉಳಿ ಹಿಡಿಯುವ ಮೊದಲು

ಜುಲೈ ಎರಡನೇ ವಾರ. ಪುಣೆಯಲ್ಲಿ ಮೂರು ದಿನದಿಂದ ಬಿಟ್ಟೂಬಿಡದೆ ಮಳೆ. ಮುಂಬೈ ಹತ್ತಿರದ ಡೊಂಬಿವಿಲಿಯಿಂದ ಒಬ್ಬ ಹುಡುಗ ಫೋನ್ ಮಾಡಿದ. ಹುಬ್ಬಳ್ಳಿ ಕಡೆಯವನು. ಒಂದು ವರ್ಷದ ಭಾನುವಾರಗಳನ್ನೆಲ್ಲ ಸುರಿದು ತನ್ನ ಮೊದಲ ಗಿಟಾರ್ ಕಟ್ಟಿದ್ದ. ಟಾಪ್, ಅಂದರೆ ತಂತಿಯ ಕೆಳಗಿನ ಮುಂಭಾಗದ ಹಲಗೆ, ಮಾವಿನ ಮರದ್ದು.

"ಅಣ್ಣಾ, ನಿನ್ನೆ ತಂತಿ ಹಾಕಿದೆ. ನುಡಿಯೋದೇ ಇಲ್ಲ. ರಟ್ಟಿನ ಡಬ್ಬಿ ಬಡಿದ ಹಾಗೆ ಕೇಳುತ್ತೆ. ಒಳಗಿನ ಬ್ರೇಸ್ ಕೆತ್ತಿ ಸಣ್ಣ ಮಾಡ್ಲಾ? ಉಳಿ ಕೈಯಲ್ಲೇ ಇದೆ."

"ತಮ್ಮಾ, ಉಳಿ ಕೆಳಗಿಡು. ಮೊದಲು ಗಿಟಾರನ್ನ ಅಡುಗೆಮನೆ ತಕ್ಕಡಿ ಮೇಲಿಟ್ಟು ತೂಕ ಬರೆದುಕೋ."

ಅವನು ಸ್ವಲ್ಪ ಹೊತ್ತು ಸುಮ್ಮನಾದ. ಬ್ರೇಸಿಗೂ ತಕ್ಕಡಿಗೂ ಏನು ಸಂಬಂಧ ಅಂತ ಅನ್ನಿಸಿರಬೇಕು. ಅವತ್ತು ಫೋನಿನಲ್ಲಿ ಅರ್ಧ ಮಾತ್ರ ಹೇಳಲು ಆಯಿತು. ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ಬ್ರೇಸ್ ಅಂದರೆ ಟಾಪಿನ ಒಳಬದಿಗೆ ಅಂಟಿಸಿದ, ಅದಕ್ಕೆ ಬಲ ಕೊಡುವ ಮರದ ಪಟ್ಟಿ. ಅದನ್ನು ಕೆತ್ತುವುದೇ ತಪ್ಪು ಅಂತಲ್ಲ. ಅದು ಕೊನೆಗೆ ಮಾಡುವ ಕೆಲಸ. ಗಟ್ಟಿಮರದ ಟಾಪ್ ಮಂಕಾಗಲು ಹೆಚ್ಚಾಗಿ ಮೂರು ಕಾರಣ: ನೀರು, ಅಂಟು, ತೂಕ. ಮೂರೂ ಕಿವಿಗೆ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಮದ್ದು ಮಾತ್ರ ಬೇರೆ ಬೇರೆ. ಹನ್ನೆರಡರ ಲೈಟ್ ಸೆಟ್ಟಿನ (ಅತಿ ತೆಳು ತಂತಿ 0.012 ಇಂಚು) ಆರೂ ತಂತಿ ಸೇರಿ ಸುಮಾರು 70 ಕೆ.ಜಿ. ಎಳೆಯುತ್ತವೆ. ಮಳೆಗಾಲದ ತೇವ ಕುಡಿದ ಟಾಪಿನ ಬ್ರೇಸನ್ನು ಅವಸರದಲ್ಲಿ ಕೆತ್ತಿದರೆ ಆ ಎಳೆತ ತಡೆಯುವ ಶಕ್ತಿಯೇ ಹೋಗುತ್ತದೆ. ಆಮೇಲೆ ಮರ ಒಣಗಿದಾಗ ದನಿ ತಾನಾಗಿ ತಿರುಗಿ ಬರುತ್ತದೆ. ಕೆತ್ತಿದ ಬ್ರೇಸ್ ಬರುವುದಿಲ್ಲ.

ಮರದ ಬಗ್ಗೆ ಎರಡು ಮಾತು

ಸಾಮಾನ್ಯವಾಗಿ ಗಿಟಾರ್ ಟಾಪಿಗೆ ಬಳಸುವುದು ಸ್ಪ್ರೂಸ್ ಇಲ್ಲವೇ ಸೀಡರ್. ಎರಡೂ ಸೂಜಿ ಎಲೆಯ ಮರಗಳು. ಅಗಲ ಎಲೆಯ ಮರಗಳನ್ನು ಮರದ ವ್ಯಾಪಾರದಲ್ಲಿ ಗಟ್ಟಿಮರ ಅನ್ನುತ್ತಾರೆ. ಹೆಸರು ಕೇಳಿ ಎಲ್ಲವೂ ಗಟ್ಟಿ ಅಂದುಕೊಳ್ಳಬೇಡಿ. ಬೂರುಗ ಕೂಡ ಲೆಕ್ಕದಲ್ಲಿ ಗಟ್ಟಿಮರವೇ. ಟಾಪಿಗೆ ಬರುವವು ಮಹಾಗನಿ, ಮಾವು, ಹಲಸು, ತೇಗ, ತುನ್, ಒಮ್ಮೊಮ್ಮೆ ಬೀಟೆ.

ಇದೇನೂ ಹೊಸ ಪ್ರಯೋಗ ಅಲ್ಲ. ಅಮೆರಿಕದ ಮಾರ್ಟಿನ್ ಕಂಪನಿ 1920ರ ದಶಕದಲ್ಲೇ ಮಹಾಗನಿ ಟಾಪಿನ ಗಿಟಾರ್ ಮಾಡುತ್ತಿತ್ತು. ಹವಾಯಿಯ ಕೋವಾ ಮರದ್ದೂ ಇದ್ದವು. ಅಷ್ಟು ದೂರ ಯಾಕೆ, ನಮ್ಮ ಮಿರಜಕ್ಕೇ ಹೋಗಿ ನೋಡಿ. ಅಲ್ಲಿನ ಸಿತಾರಿನ ತಬಲಿ, ಅಂದರೆ ಅದರ ಟಾಪ್, ತುನ್ ಮರದ್ದು. ತುನ್, ಮಹಾಗನಿ, ನಮ್ಮ ಬೇವು, ಮೂರೂ ಒಂದೇ ಕುಟುಂಬದ ಮರಗಳು. ಊರಿನ ವೀಣೆಯಂತೂ ಹಲಸಿನದು. ಹಾಗಾಗಿ "ಮಾವಿನ ಟಾಪ್ ಹಾಕಿದ್ದೇ ತಪ್ಪಾಯ್ತಾ?" ಎಂದು ಆ ಹುಡುಗ ಕೇಳಿದಾಗ ನಾನು ಧೈರ್ಯವಾಗಿ ಇಲ್ಲ ಅಂದೆ.

ತಪ್ಪಾಗಿದ್ದು ಬೇರೆ ಕಡೆ. ಅವನು ಕೊಂಡ ನಕ್ಷೆ ಸ್ಪ್ರೂಸ್ ಟಾಪಿನದು. ಅದರಲ್ಲಿದ್ದ ದಪ್ಪ, ಬ್ರೇಸಿನ ಎತ್ತರ ಎಲ್ಲವನ್ನೂ ಹಾಗೇ ಮಾವಿಗೆ ಇಳಿಸಿದ್ದ. ಸ್ಪ್ರೂಸ್ ಒಂದು ಘನ ಮೀಟರಿಗೆ 400ರಿಂದ 450 ಕೆ.ಜಿ. ತೂಗುತ್ತದೆ. ಮಹಾಗನಿ 500ರಿಂದ 600. ಮಾವು, ತೇಗ 600ರ ಮೇಲೆ. ಬೀಟೆ 800 ದಾಟುತ್ತದೆ. ಆದರೆ ಎಳೆಯ ಉದ್ದಕ್ಕೆ ಬಾಗದೆ ನಿಲ್ಲುವ ಬಿಗಿತದಲ್ಲಿ ಇವುಗಳ ನಡುವೆ ಅಂಥ ದೊಡ್ಡ ವ್ಯತ್ಯಾಸ ಇಲ್ಲ. ಅಂದರೆ ಅದೇ ದಪ್ಪದಲ್ಲಿ ಹೆಚ್ಚುಕಡಿಮೆ ಅದೇ ಬಿಗಿತ, ತೂಕ ಮಾತ್ರ ಒಂದೂವರೆ ಪಟ್ಟು. ಅಷ್ಟು ತೂಕವನ್ನು ಅದೇ ತಂತಿ ಅಲ್ಲಾಡಿಸಬೇಕು. ದನಿ ಕುಗ್ಗದೆ ಇನ್ನೇನಾಗುತ್ತದೆ?

ಮೊದಲ ಪ್ರಶ್ನೆ: ಸತ್ತಿದ್ದು ಯಾವುದು?

ಯಾರೇ ಗಿಟಾರ್ ತಂದರೂ ನಾನು ಮೊದಲು ಇದನ್ನೇ ಕೇಳುತ್ತೇನೆ. ಒಂದು ತಂತಿ ಮಂಕೋ, ಒಂದು ಸ್ವರ ಮಂಕೋ, ಎಲ್ಲವೂ ಮಂಕೋ?

ಒಂದೇ ತಂತಿ ಮಂಕಾಗಿದ್ದರೆ ಟಾಪನ್ನು ಬಿಟ್ಟುಬಿಡಿ. ತಲೆಯ ಕಡೆ ತಂತಿ ಕೂರುವ ನಟ್ಟಿನ ಗಾಡಿ, ಅಂದರೆ ಕೊರೆದ ಗೀರು ನೋಡಿ. ಟಾಪಿಗೆ ಅಂಟಿಸಿದ ಬ್ರಿಡ್ಜಿನ ಮೇಲೆ ತಂತಿ ಕೂರುವ ಪಟ್ಟಿ, ಸ್ಯಾಡಲ್ ನೋಡಿ. ಸ್ಯಾಡಲಿನ ತಳಕ್ಕೆ ಪೆನ್ಸಿಲ್ ಸೀಸ ಬಳಿದು ಅದರ ಜಾಗದಲ್ಲಿ ಒತ್ತಿ ತೆಗೆಯಿರಿ. ಗಾಡಿಯ ತಳದಲ್ಲಿ ಎಲ್ಲಿ ಕಪ್ಪು ಗುರುತು ಬಿದ್ದಿಲ್ಲವೋ ಅಲ್ಲಿ ಸ್ಯಾಡಲ್ ಕೂತಿಲ್ಲ. ಆ ತಂತಿಯ ಕಂಪನ ಟಾಪಿಗೆ ಇಳಿಯುತ್ತಿಲ್ಲ. ಬಾಡಿದ ತಂತಿಯೂ ಇರಬಹುದು. ಮುಂಬೈ, ಗೋವಾದ ಉಪ್ಪುಗಾಳಿಗೆ ತಂತಿ ಬೇಗ ತುಕ್ಕು ಹಿಡಿಯುತ್ತದೆ. ಎಲ್ಲಕ್ಕಿಂತ ಮೊದಲು ಹೊಸ ತಂತಿ ಹಾಕಿ ನೋಡಿದರೆ ಅರ್ಧ ದಿನದ ತಲೆನೋವು ತಪ್ಪುತ್ತದೆ.

ಒಂದೇ ಸ್ವರ ಮಂಕಾಗಿದ್ದರೆ, ಅಂದರೆ ಯಾವ ತಂತಿಯಲ್ಲಿ ನುಡಿಸಿದರೂ ಅದೇ ಸ್ವರ ಡಬ್ ಎಂದು ಎದ್ದು ತಕ್ಷಣ ಸತ್ತರೆ, ಅದು ವುಲ್ಫ್ ಸ್ವರ. ಟಾಪಿನ ಸ್ವಂತ ಕಂಪನ ಸರಿಯಾಗಿ ಆ ಸ್ವರದ ಮೇಲೆ ಕೂತಿದೆ ಅಂತ ಅರ್ಥ. ಇದನ್ನು ನಾಣ್ಯದ ಪರೀಕ್ಷೆಯಲ್ಲಿ ಹಿಡಿಯಬಹುದು, ಮುಂದೆ ಬರುತ್ತದೆ.

ಎಲ್ಲವೂ ಮಂಕಾಗಿದ್ದರೆ ಸಮಸ್ಯೆ ಪೆಟ್ಟಿಗೆಯದು. ಡೊಂಬಿವಿಲಿಯ ಗಿಟಾರ್ ಈ ಸಾಲಿಗೆ ಸೇರಿದ್ದು.

ನೀರು

ಮರ ಸದಾ ಗಾಳಿಯ ಜೊತೆ ನೀರಿನ ಕೊಡುಕೊಳ್ಳು ನಡೆಸುತ್ತಲೇ ಇರುತ್ತದೆ. ಗಾಳಿಯ ತೇವಾಂಶ ಶೇ. 45 ಇದ್ದರೆ ಮರದಲ್ಲಿ ಸುಮಾರು ಶೇ. 8–9 ನೀರು ನಿಲ್ಲುತ್ತದೆ. ಶೇ. 65ಕ್ಕೆ ಶೇ. 12. ಜುಲೈ ತಿಂಗಳ ಮುಂಬೈಯಂತೆ ಶೇ. 85 ಆದರೆ ಶೇ. 18ರ ಹತ್ತಿರ ಹೋಗುತ್ತದೆ. ನೀರು ಸೇರಿದ ಮರ ತೂಕ ಹೆಚ್ಚಿಸಿಕೊಳ್ಳುತ್ತದೆ, ಮೆತ್ತಗಾಗುತ್ತದೆ, ಕಂಪನವನ್ನು ಒಳಗೇ ನುಂಗುತ್ತದೆ. ಮೂರೂ ದನಿಗೆ ಶತ್ರುಗಳೇ.

ಜೊತೆಗೆ ಹಿಗ್ಗುತ್ತದೆ. ಲೆಕ್ಕ ನೋಡಿ. ಮಹಾಗನಿಯ 400 ಮಿ.ಮೀ. ಅಗಲದ ಟಾಪ್, ಒಳ್ಳೆ ಕ್ವಾರ್ಟರ್ ಕೊಯ್ತದ್ದು, ಅಂದರೆ ಬೆಳವಣಿಗೆಯ ಗೆರೆ ಹಲಗೆಗೆ ನೇರ ನಿಲ್ಲುವಂತೆ ಕೊಯ್ದದ್ದು. ಅದರ ನೀರು ಶೇ. 8ರಿಂದ 14ಕ್ಕೆ ಏರಿದರೆ, ಸುತ್ತ ಅಂಟಿಸದೆ ಬಿಟ್ಟಿದ್ದಲ್ಲಿ, ಅಗಲ 4 ಮಿ.ಮೀ. ಹೆಚ್ಚುತ್ತದೆ. ಸಾದಾ ಅಡ್ಡ ಕೊಯ್ತದ್ದಾದರೆ ಇನ್ನೂ ಜಾಸ್ತಿ. ಗಿಟಾರಿನಲ್ಲಿ ಸುತ್ತಲೂ ಅಂಟಿರುವುದರಿಂದ ಪಕ್ಕಕ್ಕೆ ಹೋಗಲು ದಾರಿ ಇಲ್ಲ. ಮೇಲಕ್ಕೆ ಉಬ್ಬುತ್ತದೆ. ಬ್ರಿಡ್ಜ್ ಎತ್ತಿಕೊಳ್ಳುತ್ತದೆ, ತಂತಿ ಕತ್ತಿನ ಮೇಲಿನ ಲೋಹದ ಫ್ರೆಟ್ಟಿನಿಂದ ದೂರ ಹೋಗುತ್ತದೆ, ಬೆರಳು ನೋಯುತ್ತದೆ.

ಪತ್ತೆ ಹೇಗೆ? ಬ್ರಿಡ್ಜಿನ ಹಿಂದೆ ಟಾಪಿನ ಅಡ್ಡಕ್ಕೆ ಒಂದು ನೇರ ಸ್ಟೀಲ್ ಪಟ್ಟಿ ಇಡಿ. ನಡುವೆ ತಾಗಿ ಎರಡೂ ಅಂಚಿನಲ್ಲಿ ಸಂದು ಕಾಣುತ್ತದೆ. ಒಂದೊಂದು ಕಡೆ 2–3 ಮಿ.ಮೀ. ಸಂದು ಇದ್ದರೆ ಅದು ಮಾಮೂಲಿ ಉಬ್ಬು. ಅದಕ್ಕಿಂತ ಜಾಸ್ತಿ ಇದ್ದು, ಹನ್ನೆರಡನೇ ಫ್ರೆಟ್ಟಿನ ಮೇಲೆ ಆರನೇ ತಂತಿ 2.5 ಮಿ.ಮೀ.ಗಿಂತ ಎತ್ತರ ಎದ್ದಿದ್ದರೆ, ಅದೂ ಮಳೆಗಾಲದಲ್ಲಿ, ನೀರಿನ ಮೇಲೆ ಅನುಮಾನ ಪಡಿ. ಪುಣೆಯ ಏಪ್ರಿಲ್ ಇದಕ್ಕೆ ಸರಿ ಉಲ್ಟಾ. ಮಧ್ಯಾಹ್ನದ ತೇವಾಂಶ ಶೇ. 30ಕ್ಕಿಂತ ಕೆಳಗೆ ಇಳಿಯುತ್ತದೆ. ಟಾಪ್ ಒಳಕ್ಕೆ ಕುಸಿಯುತ್ತದೆ, ತಂತಿ ಫ್ರೆಟ್ಟಿಗೆ ತಾಗಿ ಗುರ್ ಅನ್ನುತ್ತದೆ, ಫ್ರೆಟ್ಟಿನ ತುದಿಗಳು ಕತ್ತಿನ ಅಂಚಿನಲ್ಲಿ ಕೈಗೆ ಚುಚ್ಚುತ್ತವೆ. ನಡುವಿನ ಜೋಡಣೆಯಲ್ಲಿ ಸೀಳು ಬಿಡುವುದೂ ಆಗಲೇ.

ಖಚಿತವಾಗಿ ಹೇಳುವುದು ತಕ್ಕಡಿ. ತಂತಿಗಳನ್ನು ಒಂದು ಸ್ವರ ಇಳಿಸಿ. ಗಿಟಾರನ್ನು ದೊಡ್ಡ ಟ್ರಂಕಿನಲ್ಲೋ ಗಟ್ಟಿ ಮುಚ್ಚುವ ಕಪಾಟಿನಲ್ಲೋ ಇಡಿ. ಅರ್ಧ ಕೆ.ಜಿ. ಸಿಲಿಕಾ ಜೆಲ್ ಮತ್ತು ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ಜೊತೆಗಿರಲಿ. ಹೈಗ್ರೋಮೀಟರ್ ನಿಜ ಹೇಳುತ್ತಿದೆಯೇ ಅಂತಲೂ ನೋಡಿಕೊಳ್ಳಿ: ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪಿಗೆ ಸ್ವಲ್ಪ ನೀರು ಹಾಕಿ ಗಂಜಿಯ ಹದ ಮಾಡಿ, ಅದನ್ನು ಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. 82 ತೋರಿಸಿದರೆ ಇನ್ನು ಮುಂದೆ ಅದರ ಮಾತಿನಲ್ಲಿ 7 ಕಳೆದು ಓದಿ.

ದಿನಾ ಅದೇ ಹೊತ್ತಿಗೆ ತೂಗಿ ಬರೆಯಿರಿ. ತೂಕ ಇಳಿಯುತ್ತಿರುವಷ್ಟು ದಿನ ಗಿಟಾರಿನ ಬಗ್ಗೆ ಏನೂ ತೀರ್ಮಾನ ಮಾಡಬೇಡಿ. ತೂಕ ನಿಂತ ಮೇಲೆ ನುಡಿಸಿ ನೋಡಿ. ಬಿಸಿಲಿಗೆ ಇಡುವುದು, ಹೇರ್ ಡ್ರೈಯರ್ ಹಿಡಿಯುವುದು ಖಂಡಿತ ಬೇಡ. ಮೇಲಿನ ಪದರ ಮೊದಲು ಒಣಗಿ ಮರ ಸೀಳುತ್ತದೆ.

ಹುಡುಗ ಕಲ್ಯಾಣದಲ್ಲಿ ರೈಲು ಹಿಡಿದು, ಗಿಟಾರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಮಗುವಿನಂತೆ ಸುತ್ತಿಕೊಂಡು ತಂದ. ನನ್ನ ಟ್ರಂಕಿನಲ್ಲಿ ಎರಡು ವಾರ ಶೇ. 50ರಲ್ಲಿ ಇಟ್ಟೆವು. 38 ಗ್ರಾಂ ಇಳಿಯಿತು. ಅಷ್ಟೂ ನೀರು. ದನಿ ಸ್ವಲ್ಪ ತೆರೆದುಕೊಂಡಿತು, ಉಬ್ಬು ಇಳಿಯಿತು. ಆದರೆ ರಟ್ಟಿನ ಡಬ್ಬಿಯ ಗುಣ ಪೂರ್ತಿ ಹೋಗಲಿಲ್ಲ. ಅಂದರೆ ನೀರು ಒಂದು ಕಾರಣ, ಒಂದೇ ಕಾರಣ ಅಲ್ಲ.

ಅಂಟು

ಬ್ರೇಸಿನ ತುದಿ ಒಂದು ಬೆರಳಿನಷ್ಟು ಬಿಟ್ಟರೂ ಸಾಕು, ಕೆಳಸ್ವರ ಸೊರಗುತ್ತದೆ. ಯಾವಾಗಲೂ ಗುಂಯ್ ಅಂತ ಸದ್ದು ಬರಲೇಬೇಕು ಅಂತಿಲ್ಲ. ಬೆರಳ ಗೆಣ್ಣಿನಿಂದ ಟಾಪನ್ನು ಬ್ರೇಸಿನ ದಾರಿಯುದ್ದಕ್ಕೂ ತಟ್ಟುತ್ತಾ ಹೋಗಿ. ಅಂಟು ಹಿಡಿದಲ್ಲಿ ಗಟ್ಟಿ ಸದ್ದು. ಬಿಟ್ಟಲ್ಲಿ ಚಪ್ಪಾಳೆಯಂಥ ಸಡಿಲ ಸದ್ದು. ಆಮೇಲೆ ಟಾಪಿನ ದುಂಡು ತೂತು, ಅಂದರೆ ಸೌಂಡ್‌ಹೋಲ್ ಒಳಗೆ ಪುಟ್ಟ ಕನ್ನಡಿ ಮತ್ತು ಸಣ್ಣ ಟಾರ್ಚ್ ಹಿಡಿದು ನೋಡಿ. ಬ್ರೇಸಿನ ಕೆಳಗೆ ತೆಳು ಕಾಗದದ ಪಟ್ಟಿ ನುಗ್ಗಿದರೆ ಅಲ್ಲಿ ಅಂಟಿಲ್ಲ. ಬ್ರಿಡ್ಜಿನ ಹಿಂಬದಿಯ ಅಂಚಿಗೂ ಇದೇ ಕಾಗದ.

ಹುಡುಗನ ಗಿಟಾರಿನಲ್ಲಿ ಅಂಟು ಚೆನ್ನಾಗಿತ್ತು. ಅದನ್ನು ಹೇಳಿದಾಗ ಅವನ ಮುಖ ಅರಳಿತು.

ನಾಣ್ಯದ ಪರೀಕ್ಷೆ

ಈ ಬರಹದ ತಿರುಳು ಇದು. ಬೇಕಾಗುವುದು ಫೋನಿನಲ್ಲಿ ಸದ್ದಿನ ಸ್ಪೆಕ್ಟ್ರಮ್, ಅಂದರೆ ಯಾವ ಕಂಪನಾಂಕ ಎಷ್ಟು ಜೋರು ಅನ್ನುವುದನ್ನು, ತೋರಿಸುವ ಒಂದು ಉಚಿತ ಆಪ್, ಎರಡು ಹತ್ತು ರೂಪಾಯಿ ನಾಣ್ಯ, ಸ್ವಲ್ಪ ಡಬಲ್ ಟೇಪ್. ನಾಣ್ಯ ಎರಡೂ ಸೇರಿ ಸುಮಾರು 15 ಗ್ರಾಂ. ನಿಮ್ಮ ನಾಣ್ಯವನ್ನು ನೀವೇ ತೂಗಿ ಬರೆದುಕೊಳ್ಳಿ.

ತಂತಿಗಳನ್ನು ಶ್ರುತಿ ಮಾಡಿ, ನಡುವೆ ಬಟ್ಟೆ ಸಿಕ್ಕಿಸಿ ಅವು ನುಡಿಯದಂತೆ ಮಾಡಿ. ಗಿಟಾರನ್ನು ತೊಡೆಯ ಮೇಲೆ ನುಡಿಸುವಂತೆಯೇ ಹಿಡಿಯಿರಿ. ಪೆನ್ಸಿಲ್ಲಿನ ರಬ್ಬರ್ ತುದಿಯಿಂದ ಬ್ರಿಡ್ಜನ್ನು ಮೆತ್ತಗೆ ತಟ್ಟಿ. ಆಪಿನಲ್ಲಿ ಎರಡು ಮೂರು ಶಿಖರ ಏಳುತ್ತವೆ. 100 ಹರ್ಟ್ಸ್ ಆಸುಪಾಸಿನದು ಪೆಟ್ಟಿಗೆಯೊಳಗಿನ ಗಾಳಿಯದು. ಸೌಂಡ್‌ಹೋಲ್ ಮೇಲೆ ರಟ್ಟು ಮುಚ್ಚಿದರೆ ಅದು ಮಾಯವಾಗುತ್ತದೆ, ಹಾಗೆ ಗುರುತು ಹಿಡಿಯಿರಿ. 170ರಿಂದ 220ರ ನಡುವಿನ ದೊಡ್ಡ ಶಿಖರ ಟಾಪಿನದು. ಅದರ ಮೇಲೆ ಇನ್ನೊಂದು ಇದ್ದು, ಗಿಟಾರಿನ ಬೆನ್ನನ್ನು ಅಂಗೈಯಿಂದ ಒತ್ತಿದಾಗ ಕುಗ್ಗಿದರೆ ಅದು ಬೆನ್ನಿನದು. ಟಾಪಿನ ಸಂಖ್ಯೆಯನ್ನು ಬರೆದುಕೊಳ್ಳಿ. ಈಗ ನಾಣ್ಯಗಳನ್ನು ಬ್ರಿಡ್ಜಿನ ನಡುವೆ ಟೇಪಿನಿಂದ ಅಂಟಿಸಿ ಮತ್ತೆ ತಟ್ಟಿ. ಶಿಖರ ಕೆಳಗಿಳಿಯುತ್ತದೆ. ಎಷ್ಟು ಇಳಿಯಿತು ಅನ್ನುವುದರಲ್ಲಿ ಟಾಪಿನ ತೂಕ ಅಡಗಿದೆ. ಹಗುರ ಟಾಪಿಗೆ 15 ಗ್ರಾಂ ದೊಡ್ಡ ಹೊರೆ, ಜಾಸ್ತಿ ಇಳಿಯುತ್ತದೆ. ಭಾರದ ಟಾಪಿಗೆ ಅದು ಲೆಕ್ಕಕ್ಕೇ ಇಲ್ಲ.

ಲೆಕ್ಕ ಹೀಗೆ: ನಾಣ್ಯ ಇಲ್ಲದ ಸಂಖ್ಯೆಯನ್ನು ನಾಣ್ಯ ಇರುವ ಸಂಖ್ಯೆಯಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ. 1 ಕಳೆಯಿರಿ. ನಾಣ್ಯದ ತೂಕವನ್ನು ಉಳಿದದ್ದರಿಂದ ಭಾಗಿಸಿ. ಡೊಂಬಿವಿಲಿಯ ಗಿಟಾರ್ 214 ಇತ್ತು, ನಾಣ್ಯ ಇಟ್ಟಾಗ 201. ಭಾಗಿಸಿದರೆ 1.065, ಅದರ ವರ್ಗ 1.134, 1 ಕಳೆದರೆ 0.134. 15 ಭಾಗಿಸು 0.134, ಅಂದರೆ 112 ಗ್ರಾಂ. ಇದು ಇಡೀ ಟಾಪಿನ ತೂಕವಲ್ಲ. ಬ್ರಿಡ್ಜ್, ಬ್ರೇಸ್ ಸೇರಿ ನಿಜವಾಗಿ ಅಲ್ಲಾಡುವ ಭಾಗದ ತೂಕ. ನಾನು ಕಟ್ಟಿದ ಸ್ಪ್ರೂಸ್ ಗಿಟಾರುಗಳಲ್ಲಿ ಇದು 70–80 ಬರುತ್ತದೆ. ಮನಸ್ಸಿಗೆ ಹಿಡಿಸಿದ ಗಟ್ಟಿಮರದ ಗಿಟಾರುಗಳಲ್ಲಿ 85–95. 112 ಜಾಸ್ತಿ ಆಯಿತು.

ಈಗ ಎರಡೂ ಸಂಖ್ಯೆಯನ್ನು ಜೊತೆಗಿಟ್ಟು ಓದಬೇಕು. ತೂಕ ಸರಿಯಾಗಿದ್ದು ಶಿಖರ 210ರ ಮೇಲಿದ್ದರೆ ಟಾಪ್ ಬರೀ ಬಿಗಿ. ಇಲ್ಲಿ ಮಾತ್ರ ಬ್ರೇಸ್ ಕೆತ್ತುವುದು ನೇರ ಮದ್ದು. ತೂಕವೂ ಜಾಸ್ತಿ, ಶಿಖರವೂ ಎತ್ತರ ಇದ್ದರೆ ಮರ ದಪ್ಪವಾಗಿದೆ, ಹಲಗೆಯನ್ನೇ ತೆಳ್ಳಗೆ ಮಾಡಬೇಕು. ತೂಕ ಜಾಸ್ತಿ, ಶಿಖರ 175ಕ್ಕಿಂತ ಕೆಳಗೆ ಇದ್ದರೆ ತುಂಬ ಎಚ್ಚರ ಬೇಕು. ಬಿಗಿತ ಆಗಲೇ ಕಮ್ಮಿ ಇದೆ, ಇನ್ನು ಕೆತ್ತಿದರೆ ಟಾಪ್ ಕೂರುತ್ತದೆ. ಭಾರ ಬೇರೆಲ್ಲೋ ಇದೆ: ದೊಡ್ಡ ಬ್ರಿಡ್ಜ್, ಅದರ ಕೆಳಗೆ ಟಾಪಿನ ಒಳಬದಿಗಿರುವ ಅಗಲವಾದ ಬ್ರಿಡ್ಜ್ ಪ್ಲೇಟ್, ಇಲ್ಲವೇ ದಪ್ಪ ಪಾಲಿಶ್. ಗಟ್ಟಿಮರದ ರಂಧ್ರ ತೆರೆದಿರುತ್ತದೆ. ಕನ್ನಡಿಯಂತೆ ಹೊಳೆಯಲಿ ಅಂತ ಪಿಯು (ಪಾಲಿಯುರೆಥೇನ್ ಪಾಲಿಶ್) ಮೇಲೆ ಪಿಯು ಹೊಡೆದ ಟಾಪುಗಳನ್ನು ನೋಡಿದ್ದೇನೆ. ಪಾಲಿಶ್ ಹೆರೆದು ಅರಗಿನ ತೆಳು ಪಾಲಿಶ್ ಮಾಡಿದ ಮೇಲೆ ಅವು ಉಸಿರಾಡಿದವು. ಇನ್ನು ತೂಕವೂ ಕಮ್ಮಿ, ಶಿಖರವೂ ಕೆಳಗೆ ಇದ್ದರೆ ಟಾಪ್ ಆಗಲೇ ಅತಿ ತೆಳು. ಇನ್ನೂ ತೆಳುವಾದ ಹತ್ತರ ತಂತಿ ಹಾಕಿ, ಕೈ ಹಚ್ಚಬೇಡಿ.

ಒಂದು ಲೆಕ್ಕವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಹಲಗೆಯ ದಪ್ಪ ಹತ್ತರಲ್ಲಿ ಒಂದು ಪಾಲು ಇಳಿದರೆ ತೂಕವೂ ಅಷ್ಟೇ ಇಳಿಯುತ್ತದೆ, ಬಿಗಿತ ಮಾತ್ರ ಶೇ. 27 ಇಳಿಯುತ್ತದೆ. ಬ್ರೇಸಿಗೂ ಇದೇ ನಿಯಮ. 16 ಮಿ.ಮೀ. ಎತ್ತರದ ಬ್ರೇಸ್ 14 ಆದರೆ ಅದರ ಬಿಗಿತದಲ್ಲಿ ಮೂರರಲ್ಲಿ ಒಂದು ಪಾಲು ಹೋಯಿತು. ಕಣ್ಣಿಗೆ ಚೂರೇ ಚೂರು, ಟಾಪಿಗೆ ಬಹಳ. ಅದಕ್ಕೇ ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ಜಾಸ್ತಿ ತೆಗೆಯಬೇಡಿ, ಪ್ರತಿ ಸಲ ತಟ್ಟಿ ಅಳೆಯಿರಿ.

ದಪ್ಪ ಅಳೆಯುವುದು ಹೇಗೆ, ಪೆಟ್ಟಿಗೆ ಮುಚ್ಚಿದೆಯಲ್ಲ? ಸೌಂಡ್‌ಹೋಲ್ ಅಂಚಿನಲ್ಲಿ ವರ್ನಿಯರ್ ಹಿಡಿಯಬಹುದು. ಆದರೆ ಅಲ್ಲಿ ಒಳಗೆ ಪಟ್ಟಿ ಅಂಟಿಸಿರುತ್ತಾರೆ, ಮೋಸ ಹೋಗಬಾರದು. ಒಳಗೊಂದು ಪುಟ್ಟ ಬಲವಾದ ಅಯಸ್ಕಾಂತ, ಹೊರಗೆ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿದ ಇನ್ನೊಂದು. ನಡುವೆ ಟಾಪ್. ಬಿಡಿಸಲು ಎಷ್ಟು ಬಲ ಬೇಕು ನೋಡಿ. 2, 2.5, 3 ಮಿ.ಮೀ. ಮರದ ಚೂರುಗಳ ಮೇಲೆ ಮೊದಲೇ ಇದನ್ನು ಮಾಡಿ ಪಟ್ಟಿ ಬರೆದಿಟ್ಟುಕೊಂಡಿದ್ದರೆ ಟಾಪಿನ ದಪ್ಪ ತಿಳಿಯುತ್ತದೆ. ಹುಡುಗನದು ಎಲ್ಲ ಕಡೆ 3 ಮಿ.ಮೀ. ಇತ್ತು. ನಾನಾದರೆ ಮಾವಿಗೆ 2.6 ಇಡುತ್ತಿದ್ದೆ.

ವುಲ್ಫ್ ಸ್ವರಕ್ಕೂ ಇದೇ ನಾಣ್ಯ. ಎಫ್ ಶಾರ್ಪ್ 185 ಹರ್ಟ್ಸ್, ಜಿ 196. ಟಾಪಿನ ಶಿಖರ ಸರಿಯಾಗಿ 196ರಲ್ಲಿ ಕೂತರೆ ಜಿ ಸ್ವರ ಬೊಬ್ಬೆ ಹೊಡೆದು ಸಾಯುತ್ತದೆ. ನಾಣ್ಯ ಇಟ್ಟಾಗ ತೊಂದರೆ ಬೇರೆ ಸ್ವರಕ್ಕೆ ಸರಿದರೆ ರೋಗ ಖಚಿತ. ಶಿಖರವನ್ನು ಎರಡು ಸ್ವರದ ನಡುವೆ, 190ರ ಸುತ್ತ ತಂದು ನಿಲ್ಲಿಸಿದರೆ ಆಯಿತು.

ತೇಗದ ಮೇಲೆ ಬ್ರಿಡ್ಜ್ ಎದ್ದಾಗ

ವಾಸ್ಕೋದಲ್ಲಿ ಕನ್ನಡ ಶಾಲೆಯ ಮೇಷ್ಟ್ರೊಬ್ಬರು ಹಳೆ ಮನೆಯ ಬಾಗಿಲಿನ ತೇಗದಿಂದ ಟಾಪ್ ಮಾಡಿದ್ದರು. ಮರ ಅದ್ಭುತ. ಹಳೆಯದು, ಚೆನ್ನಾಗಿ ಒಣಗಿದ್ದು, ತೇಗ ಹಿಗ್ಗು ಕುಗ್ಗು ಕಮ್ಮಿ ಇರುವ ಮರ ಬೇರೆ. ಆದರೆ ಮೊದಲ ಮಳೆಗಾಲದಲ್ಲೇ ಬ್ರಿಡ್ಜಿನ ಹಿಂಬದಿ ಎದ್ದಿತು. "ಅಂಟು ಕಳಪೆ ಅನ್ಸುತ್ತೆ ರೀ, ಬೇರೆ ಕಂಪನಿದು ತರಿಸ್ಲಾ?" ಎಂದು ಕೇಳಿದರು. "ಸರ್, ಮೊದಲು ಬ್ರಿಡ್ಜ್ ಪೂರ್ತಿ ಬಿಡಿಸಿ ಅದರ ತಳದ ಫೋಟೋ ಕಳಿಸಿ" ಅಂದೆ.

ಬಿಟ್ಟ ಅಂಟು ತನ್ನ ಕಥೆ ತಾನೇ ಹೇಳುತ್ತದೆ. ತಳದಲ್ಲಿ ಟಾಪಿನ ಮರದ ನಾರು ಕಿತ್ತು ಬಂದಿದ್ದರೆ ಅಂಟು ಚೆನ್ನಾಗಿತ್ತು, ಮರ ಸೋತಿತು. ಅಂಟು ಎಳೆಎಳೆಯಾಗಿ ಜಾರಿದಂತಿದ್ದರೆ ಗಿಟಾರ್ ಬಿಸಿಯಲ್ಲಿ, ಹೆಚ್ಚಾಗಿ ನಿಲ್ಲಿಸಿದ ಕಾರಿನಲ್ಲಿ, ಇತ್ತು. ಮಾಮೂಲಿ ಬಿಳಿ ಅಂಟು ಬಿಸಿ ಮತ್ತು ಸದಾ ಎಳೆತಕ್ಕೆ ನಿಧಾನವಾಗಿ ಜಾರುತ್ತದೆ. ಅಂಟು ಗಾಜಿನಂತೆ ನುಣುಪಾಗಿ, ಒಂದು ನಾರೂ ಇಲ್ಲದೆ ಬಿಟ್ಟಿದ್ದರೆ ಅದು ಮರವನ್ನು ಹಿಡಿದೇ ಇರಲಿಲ್ಲ. ಮೇಷ್ಟ್ರ ಫೋಟೋದಲ್ಲಿ ಕಂಡದ್ದು ಈ ಮೂರನೆಯದು.

ತೇಗದಲ್ಲಿ ಎಣ್ಣೆ ಇದೆ. ಬಾಗಿಲಾಗಿ ನೂರು ವರ್ಷ ನಿಲ್ಲಲು ನೆರವಾದ ಗುಣವೇ ಇಲ್ಲಿ ಅಡ್ಡ ಬಂತು. ಹೆರೆದ ಮೇಲೆ ಎಣ್ಣೆ ನಿಧಾನವಾಗಿ ಮೇಲೆ ಬರುತ್ತದೆ. ಮೇಷ್ಟ್ರು ಶನಿವಾರ ಹೆರೆದು ಭಾನುವಾರ ಅಂಟಿಸಿದ್ದರು. ಮದ್ದು ಸುಲಭ. ಎರಡೂ ಮುಖವನ್ನು ಸ್ಕ್ರೇಪರಿನಿಂದ ಹೊಸದಾಗಿ ಹೆರೆಯಿರಿ. ಬಿಳಿ ಬಟ್ಟೆಗೆ ಅಸಿಟೋನ್ ಹಚ್ಚಿ, ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಅಸಿಟೋನ್ ಆರಿದ ಕೂಡಲೇ ಅಂಟಿಸಿ 24 ಗಂಟೆ ಕ್ಲಾಂಪಿನಲ್ಲಿ ಬಿಡಿ. ಬ್ರಿಡ್ಜಿನ ಕೆಳಗೆ ಪಾಲಿಶಿನ ಚೂರೂ ಉಳಿದಿರಬಾರದು. ಬೀಟೆಗೂ ಇದೇ ಕ್ರಮ. ತೇಗದಲ್ಲಿ ಸಣ್ಣ ಮರಳಿನಂಥ ಸಿಲಿಕಾ ಇರುವುದರಿಂದ ಸ್ಕ್ರೇಪರ್ ಬೇಗ ಮೊಂಡಾಗುತ್ತದೆ. ಮೊಂಡು ಅಲಗಿನಲ್ಲಿ ಉಜ್ಜಿದರೆ ಮರದ ಮುಖ ನುಣುಪಾಗಿ ಮುಚ್ಚಿಕೊಳ್ಳುತ್ತದೆ, ಅಂಟು ಇಳಿಯುವುದಿಲ್ಲ. ಅವರ ಮೊದಲ ಸಲದ ತಪ್ಪಿನಲ್ಲಿ ಇದರ ಪಾಲೂ ಇರಬಹುದು.

ಮಾವಿನ ಹುಳ

ಮಾವಿಗೆ ಮಾತ್ರ ಒಂದು ಎಚ್ಚರಿಕೆ. ಗಿಟಾರ್ ಇಟ್ಟ ಜಾಗದಲ್ಲಿ ಹಿಟ್ಟಿನಂಥ ಪುಡಿ ಬಿದ್ದು, ಟಾಪಿನಲ್ಲಿ ಒಂದೆರಡು ಮಿ.ಮೀ. ತೂತು ಕಂಡರೆ ಕುಟ್ಟೆ ಹುಳ ಹಿಡಿದಿದೆ. ಅದನ್ನು ತಕ್ಷಣ ಬೇರೆ ಮರಗಳಿಂದ ದೂರ ಇಡಿ. ಪಕ್ಕದ ಹಲಗೆಗಳಿಗೂ ಹೋಗುತ್ತದೆ. ಪುಣೆಯ ಭವಾನಿ ಪೇಠದ ಟಿಂಬರ್ ಮಾರ್ಕೆಟ್ಟಿನಲ್ಲಾಗಲಿ, ಮುಂಬೈಯ ರೇ ರೋಡಿನಲ್ಲಾಗಲಿ ಮಾವು ಕೊಳ್ಳುವಾಗ ಹಲಗೆಯ ತುದಿಯನ್ನು ನೆಲಕ್ಕೆ ಕುಟ್ಟಿ ನೋಡಿ. ಪುಡಿ ಉದುರಿದರೆ ಬಿಟ್ಟು ಬನ್ನಿ. ತುದಿಯಲ್ಲಿ ಬೆಳವಣಿಗೆಯ ಗೆರೆಗಳು ಹಲಗೆಗೆ ನೇರವಾಗಿ ನಿಂತಿವೆಯೇ ಅಂತಲೂ ನೋಡಿ. ಮಲಗಿದ್ದರೆ ಮಳೆಗಾಲದಲ್ಲಿ ಬಟ್ಟಲಿನಂತೆ ಬಾಗುತ್ತದೆ.

ಡೊಂಬಿವಿಲಿಯ ಗಿಟಾರಿಗೆ ಮಾಡಿದ್ದು

ತೂಕ 112, ಶಿಖರ 214. ಭಾರವೂ ಹೌದು, ಬಿಗಿಯೂ ಹೌದು. ಮೊದಲು ಬ್ರಿಡ್ಜಿಗೆ ಕೈ ಹಾಕಿದೆವು. ಬೀಟೆಯದು. ಅಂಟಿಸುವ ಮೊದಲು ತೂಗಿ 41 ಗ್ರಾಂ ಅಂತ ಬರೆದಿಟ್ಟಿದ್ದ, ಅದು ಬಹಳ ಉಪಯೋಗಕ್ಕೆ ಬಂತು. ಎರಡೂ ರೆಕ್ಕೆಗಳನ್ನು ಅರದಿಂದ ಉಜ್ಜಿ 3 ಮಿ.ಮೀ.ಗೆ ಇಳಿಸಿದೆವು. ಟಾಪಿಗೆ ಸುತ್ತಲೂ ಟೇಪ್ ಹಚ್ಚಿ ಉದುರಿದ ಪುಡಿಯನ್ನೆಲ್ಲ ಕಾಗದದ ಮೇಲೆ ಕೂಡಿಸಿ ತೂಗಿದೆವು: 12 ಗ್ರಾಂ. ಮತ್ತೆ ನಾಣ್ಯ. ತೂಕ 100ಕ್ಕೆ ಬಂತು, ಶಿಖರ 222ಕ್ಕೆ ಏರಿತು. ಏರಿದ್ದು ನೋಡಿ ಹುಡುಗ ಗಾಬರಿಯಾದ. ಭಾರ ಕಮ್ಮಿಯಾದರೆ ಅದು ಏರಲೇಬೇಕು ಅಂತ ಸಮಾಧಾನ ಹೇಳಿದೆ. ಬಿಗಿತ ಇನ್ನೂ ಹಾಗೇ ಉಳಿದಿದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಆಮೇಲೆ ಪಾಲಿಶ್ ಹೆರೆದು, ಟಾಪನ್ನು ಅಂಚಿನ ಸುತ್ತ ಮೂರು ಬೆರಳಗಲ ಸ್ಯಾಂಡ್‌ಪೇಪರಿನಲ್ಲಿ 2.3 ಮಿ.ಮೀ.ಗೆ ತಂದೆವು. ನಡುವೆ 2.7ರಲ್ಲಿ ನಿಲ್ಲಿಸಿದೆವು. ಮೂರು ಭಾನುವಾರದ ಕೆಲಸ. ಪ್ರತಿ ಸಲ ಕೆಲಸ ಮುಗಿದ ಮೇಲೆ ಗಿಟಾರ್ ಮತ್ತೆ ಟ್ರಂಕಿಗೆ, ಅವನು ರೈಲಿಗೆ. ಉಳಿ ಹಿಡಿದದ್ದು ಕೊನೆಯ ದಿನ. ಎಕ್ಸ್ ಆಕಾರದ ಮುಖ್ಯ ಬ್ರೇಸನ್ನು 16ರಿಂದ 14ಕ್ಕೆ ನಾಲ್ಕು ಕಂತಿನಲ್ಲಿ ಇಳಿಸಿದೆವು. ಕೈ ಅವನದೇ, ನಾನು ಕನ್ನಡಿ ಹಿಡಿದೆ. ಶಿಖರ 190, ನಾಣ್ಯ ಇಟ್ಟಾಗ 176. ಅಂದರೆ 91 ಗ್ರಾಂ.

ಅದು ಸ್ಪ್ರೂಸಿನಂತೆ ಮೊಳಗುವುದಿಲ್ಲ. ಮಾವು ಕಂಪನವನ್ನು ಸ್ವಲ್ಪ ಒಳಗೇ ಉಳಿಸಿಕೊಳ್ಳುತ್ತದೆ, ಯಾವ ಉಳಿಯೂ ಅದನ್ನು ಬದಲಿಸಲಾರದು. ಆದರೆ ಸ್ವರ ಥಟ್ಟನೆ ಏಳುತ್ತದೆ, ಬಿಡಿಬಿಡಿಯಾಗಿ ಕೇಳುತ್ತದೆ, ಹಾಡುವ ದನಿಯ ಮೇಲೆ ಬೀಳುವುದಿಲ್ಲ. ಬೆರಳಲ್ಲಿ ನುಡಿಸುವವರಿಗೆ ನಾನು ಇಂಥದ್ದನ್ನೇ ಕೊಡುತ್ತೇನೆ.

ನವೆಂಬರಿನಲ್ಲಿ ಮತ್ತೆ ಫೋನ್ ಮಾಡಿದ. "ಅಣ್ಣಾ, ಐದನೇ ತಂತಿ ಮೇಲಕ್ಕೆ ಹೋದಾಗ ಇನ್ನೂ ಸ್ವಲ್ಪ ಮುಚ್ಚಿಕೊಂಡ ಹಾಗಿದೆ. ಇನ್ನೊಂದು ಅರ್ಧ ಮಿ.ಮೀ. ತೆಗೀಲಾ?"

ಈಗಿನ ತೂಕ ಎಷ್ಟು ಅಂತ ಕೇಳಿದೆ. ಟ್ರಂಕಿನಿಂದ ಹೊರಟಾಗ ಇದ್ದದ್ದಕ್ಕಿಂತ 14 ಗ್ರಾಂ ಜಾಸ್ತಿ ಇತ್ತು. ಫೆಬ್ರುವರಿವರೆಗೆ ಕಾಯೋಣ, ಆ 14 ಗ್ರಾಂ ಹೋದ ಮೇಲೂ ಹಾಗೇ ಇದ್ದರೆ ನಾಣ್ಯ ಇಟ್ಟು ನೋಡೋಣ ಅಂತ ಮಾತಾಗಿದೆ. ಅಲ್ಲಿಯವರೆಗಿನ ಸಂಖ್ಯೆಗಳನ್ನೆಲ್ಲ ಅವನು ಸೌಂಡ್‌ಹೋಲ್ ಒಳಗೆ, ಬೆನ್ನಿನ ಹಲಗೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಿದ್ದಾನೆ.